ಕೇಶರಬಾಯಿ ಓದಿದ ಪುಸ್ತಕಗಳು

ಕೇಶರಬಾಯಿಯ ಬಗ್ಗೆ ಬರೆಯಬೇಕೆಂದು ಕೂತಾಗಲೆಲ್ಲ ನಾನು ಎದ್ದು ಓಡಾಡತೊಡಗುತ್ತೇನೆ. ಎರಡು ಸಾಲು ಬರೆಯುವುದು, ಅಂಗಳಕ್ಕೆ ಹೋಗುವುದು, ಗೇಟಿನ ಚಿಲಕ ಹಾಕಿದೆಯೋ ಇಲ್ಲವೋ ನೋಡುವುದು, ಮತ್ತೆ ಬಂದು ಕೂಡುವುದು. "ಕುರ್ಚಿಯಾಗ ಮುಳ್ಳ ಅದಾವೇನ್ರಿ?" ಎಂದು ನನ್ನ ಹೆಂಡತಿ ವತ್ಸಲಾ ಒಳಗಿನಿಂದಲೇ ಕೇಳುತ್ತಾಳೆ. ಅವಳಿಗೆ ಎಲ್ಲ ಗೊತ್ತು, ಆದರೂ ಕೇಳುತ್ತಾಳೆ. ಬೀದರಿನ ಚಿದ್ರಿಯಲ್ಲಿ ಮನೆ ಮಾಡಿ ಮೂವತ್ತು ವರ್ಷವಾಯಿತು, ನನಗೆ ಎಂಬತ್ತೆರಡು ತುಂಬಿತು. ಇನ್ನೂ ತಡ ಮಾಡಿದರೆ ಇದನ್ನು ಹೇಳುವವರು ಯಾರೂ ಇರುವುದಿಲ್ಲ. ಹಾಗಾಗಿ ಇವತ್ತು ಬರೆದೇ ಏಳುತ್ತೇನೆ.

ಭಾಲ್ಕಿಯಲ್ಲಿ ಆಗ ಒಂದೇ ಕೋಣೆಯ ವಾಚನಾಲಯವಿತ್ತು. ಐದು ಕಪಾಟು, ಎರಡು ಬೆಂಚು, ಒಂದು ಹೂಜಿ, ಮತ್ತು ನಾನು. ಮೂವತ್ತರೊಳಗಿನ ವಯಸ್ಸು, ಮೂಗಿನ ತುದಿಯಲ್ಲೇ ಸಿಟ್ಟು. ನಾನೊಂದು ಪದ್ಧತಿ ಇಟ್ಟುಕೊಂಡಿದ್ದೆ. ಪುಸ್ತಕ ಒಯ್ಯುವವರಿಗೆ ಅದು ಯಾಕೆ ಚೆನ್ನಾಗಿದೆ ಎಂದು ನಾನು ಹೇಳುತ್ತಿದ್ದೆ. ತಿರುಗಿ ತಂದುಕೊಡುವವರು ನನಗೆ ಒಂದು ಮಾತು ಹೇಳಬೇಕು. ಸುಮ್ಮನೆ "ಚಲೋ ಅದರಿ" ಎಂದರೆ ನಡೆಯುತ್ತಿರಲಿಲ್ಲ. "ಏನು ಚಲೋ? ಎಲ್ಲಿ ಚಲೋ?" ಎಂದು ಬೆನ್ನು ಹತ್ತುತ್ತಿದ್ದೆ. ಅವರು ಹೇಳಿದ್ದನ್ನು ಹೆಸರಿನ ಸಮೇತ ಒಂದು ದಪ್ಪ ವಹಿಯಲ್ಲಿ ಬರೆದಿಡುತ್ತಿದ್ದೆ. ಈ ಕಾಟಕ್ಕೆ ಹೆದರಿ ಅರ್ಧ ಭಾಲ್ಕಿ ಪೇಪರ್ ಮಾತ್ರ ಓದಿ ಮೆಲ್ಲಗೆ ಜಾಗ ಖಾಲಿ ಮಾಡುತ್ತಿತ್ತು.

ಗೋರಖನಾಥ ಬಂದದ್ದು ಅರವತ್ತೊಂಬತ್ತರ ಬೇಸಿಗೆಯಲ್ಲಿ. ಕಮಲನಗರದ ದಾರಿಯಲ್ಲಿ, ಭಾಲ್ಕಿಯಿಂದ ಎರಡು ಹರದಾರಿಯ ಹಳ್ಳಿಯವನು. ಬೇರೆಯವರ ಹೊಲದಲ್ಲಿ ಪಾಲಿಗೆ ದುಡಿಯುತ್ತಿದ್ದ. ಸಂತೆಗೆ ಬಂದವನು ಬಿಸಿಲು ತಾಳದೆ ವಾಚನಾಲಯದ ಬಾಗಿಲಲ್ಲಿ ನಿಂತಿದ್ದ. ನಾನು ಒಳಗೆ ಕರೆದು, ಹೆಸರು ಕೇಳಿ, ನನ್ನ ಹೆಸರು ಹೇಳಿ, ನೀರು ಕೊಟ್ಟೆ. ನೀರು ಕುಡಿದು ಲೋಟ ಕೆಳಗಿಡುವಷ್ಟರಲ್ಲಿ ಅವನ ಕೈಯಲ್ಲಿ ಒಂದು ಪುಸ್ತಕವಿತ್ತು.

"ಇದನ್ನ ಓದು ಗೋರಖ್ಯಾ. ಬಾವಿ ತೋಡೋರ ಮನಿತನದ ಕತಿ ಅದ. ಓದಿದ ಮ್ಯಾಲ ನಿದ್ದಿ ಬರಂಗಿಲ್ಲ ನೋಡು."

"ನಾರಾಯಣರಾವ, ನನಗ ಈ..."

"ಏ, ನಾಚಕೋಬ್ಯಾಡ! ಒಯ್ಯಿ. ಮುಂದಿನ ಸಂತಿಗೆ ತಾ. ಏನು ಸೇರ್ತು ಅಂತ ಹೇಳು."

ಅವನು ಏನೋ ಹೇಳಲು ಹೊರಟಿದ್ದ. ನಾನು ಬಿಡಲಿಲ್ಲ. ಮಾತು ಶುರು ಮಾಡಿದರೆ ಎದುರಿನವರಿಗೆ ಉಸಿರಾಡಲೂ ಬಿಡದ ಕೆಟ್ಟ ಚಾಳಿ ನನ್ನದು.

ಮುಂದಿನ ಸಂತೆಗೆ ಗೋರಖನಾಥ ಬಂದ. ಪುಸ್ತಕವನ್ನು ಟೇಬಲ್ಲಿನ ಮೇಲಿಟ್ಟು, ಪಾಠ ಒಪ್ಪಿಸುವ ಹುಡುಗನಂತೆ ನೆಟ್ಟಗೆ ನಿಂತು ಹೇಳಿದ: "ಆ ತಾಯಿ ಪುಸ್ತಕದ ತುಂಬ ರೊಟ್ಟಿ ಬಡೀತಾಳರಿ. ಎಲ್ಲಾರಿಗೂ ನೀಡ್ತಾಳ. ಆಕಿ ಉಂಡಿದ್ದು ಮಾತ್ರ ಒಂದ್ ಕಡೀನೂ ಬರದಿಲ್ಲ."

ನಾನು ದಂಗಾದೆ. ಆ ಪುಸ್ತಕವನ್ನು ನಾನು ನಾಲ್ಕು ಸಲ ಓದಿದ್ದೆ. ನನಗದು ಹೊಳೆದೇ ಇರಲಿಲ್ಲ. ಮನೆಗೆ ಹೋಗಿ ಮತ್ತೆ ಹಾಳೆ ತಿರುವಿ ನೋಡಿದೆ. ಖರೇ! ಇಡೀ ಪುಸ್ತಕದಲ್ಲಿ ಆ ಹೆಂಗಸು ಒಂದು ತುತ್ತೂ ಉಂಡಿರಲಿಲ್ಲ. ಅವತ್ತಿನಿಂದ ಗೋರಖನಾಥ ನನ್ನ ಜೀವದ ಗೆಳೆಯನಾದ.

ಮೂರು ವರ್ಷ ಹೀಗೇ ನಡೆಯಿತು. ನನಗೆ ಪ್ರೀತಿಯ ಪುಸ್ತಕಗಳನ್ನೆಲ್ಲ ಒಂದೊಂದಾಗಿ ಅವನ ಕೈಗಿಟ್ಟೆ. ಅವನು ಕಪಾಟಿನ ಕಡೆ ಕಣ್ಣೆತ್ತಿ ನೋಡುತ್ತಿರಲಿಲ್ಲ. "ನೀವೇ ಕೊಡ್ರಿ, ನಿಮಗ ಗೊತ್ತಿರ್ತದ" ಎನ್ನುತ್ತಿದ್ದ. ಎಷ್ಟು ವಿನಯ ಇವನದು ಎಂದುಕೊಳ್ಳುತ್ತಿದ್ದೆ. ಒಂದು ಬರಗಾಲದ ಕಾದಂಬರಿ ತಂದುಕೊಟ್ಟಾಗ ಅವನು ಹೇಳಿದ್ದು ಇನ್ನೂ ನೆನಪಿದೆ: "ಬರ ಅಂದ್ರ ಹಸಿವು ಅಂತ ಬರದಾರರಿ. ಮೊದಲು ಹಸಿವಾಗಲ್ಲ. ಮೊದಲು ನೀರಿನ ಹಾದಿ ಉದ್ದ ಆಗ್ತದ." ಇಂಥ ಮಾತುಗಳನ್ನು ವಹಿಯಲ್ಲಿ ಬರೆದುಕೊಂಡು, ಚಹಾದಂಗಡಿಯಲ್ಲಿ ಹತ್ತು ಜನರ ಮುಂದೆ ಓದಿ ಹೇಳುತ್ತಿದ್ದೆ. ನನ್ನ ಗೆಳೆಯ ಎಂದು ಎದೆಯುಬ್ಬಿಸುತ್ತಿದ್ದೆ. ಆದರೆ ಒಂದು ಮಾತು ಒಪ್ಪಿಕೊಳ್ಳಬೇಕು. ಆ ಮೂರು ವರ್ಷದಲ್ಲಿ ನಾನು ಒಂದು ಸಲವೂ ಅವನ ಕೇರಿಗೆ ಹೋಗಿರಲಿಲ್ಲ. ಅವನೂ ಕರೆಯಲಿಲ್ಲ. ನಾನು ಯಾಕೆ ಹೋಗಲಿಲ್ಲ ಎಂಬುದು ನನಗೂ ಗೊತ್ತು, ಅವನಿಗೂ ಗೊತ್ತಿತ್ತು.

ಎಪ್ಪತ್ತೆರಡರ ಬರ ಬಂತು. ಎರಡು ವರ್ಷದಿಂದ ಮಳೆ ಸರಿಯಾಗಿರಲಿಲ್ಲ, ಆ ವರ್ಷ ಪೂರ್ತಿ ಕೈಕೊಟ್ಟಿತು. ಗೋರಖನಾಥನ ಮನೆಯವರೆಲ್ಲ ಸರಕಾರದ ರಸ್ತೆ ಕಾಮಗಾರಿಯಲ್ಲಿ ಕಲ್ಲು ಒಡೆಯಲು ಹೋದರು. ಮಾಘ ಮಾಸದ ಹೊತ್ತಿಗೆ ಆ ಕೆಲಸವೂ ಮುಗಿಯಿತು. ಹಳ್ಳಿಗೆ ಹಳ್ಳಿಯೇ ಗಂಟು ಕಟ್ಟಿಕೊಂಡು ಭಾಲ್ಕಿ ಸ್ಟೇಷನ್ನಿಗೆ ಬರತೊಡಗಿತು. ಪುಣೆಯಲ್ಲಿ ಕಟ್ಟಡದ ಕೆಲಸ ಸಿಗುತ್ತದೆ ಎಂಬ ಸುದ್ದಿ ಹಬ್ಬಿತ್ತು. ದಿನಾ ಬೆಳಗಿನ ಗಾಡಿಗೆ ಕಾಲಿಡಲು ಜಾಗವಿರುತ್ತಿರಲಿಲ್ಲ.

"ನಾವೂ ಶುಕ್ರವಾರ ಹೋಗ್ತೇವರಿ," ಎಂದ ಗೋರಖನಾಥ ಒಂದು ದಿನ. ಕೈಯಲ್ಲಿ ಪುಸ್ತಕವಿತ್ತು, ತಿರುಗಿ ಕೊಡಲು ತಂದಿದ್ದ.

ನನ್ನ ತಲೆ ಕೆಟ್ಟಿತು. ಅದೇ ವಾರ ವಯಸ್ಕರ ಸಾಲಿಗೆ ಕಲಿಸುವವರು ಬೇಕೆಂದು ಶಿಕ್ಷಣ ಖಾತೆಯಿಂದ ಸುತ್ತೋಲೆ ಬಂದಿತ್ತು. ಊರಿಗೊಬ್ಬರು, ತಿಂಗಳಿಗೆ ಸಂಬಳ, ಜೊತೆಗೆ ಜೋಳ. ಆ ಕೆಲಸ ಸಿಕ್ಕರೆ ಗೋರಖನಾಥ ಊರು ಬಿಡಬೇಕಾಗಿರಲಿಲ್ಲ. ಅವನ ತಾಯಿ, ಎರಡು ಮಕ್ಕಳು, ಹೆಂಡತಿ ಎಲ್ಲರೂ ಉಳಿಯುತ್ತಿದ್ದರು. ನಾನು ಅಲ್ಲೇ ಅರ್ಜಿ ತುಂಬಿದೆ. "ಈ ತಾಲೂಕಿನಲ್ಲಿ ಇವನಷ್ಟು ಚೆನ್ನಾಗಿ ಓದಿದವರಿಲ್ಲ" ಎಂದು ಕೆಳಗೆ ಬರೆದು ಸಹಿ ಹಾಕಿದೆ. ಗೋರಖನಾಥ ಮೂರು ಸಲ ಬಾಯಿ ತೆರೆದ. ಮೂರು ಸಲವೂ "ಸುಮ್ಮನಿರಪಾ ನೀನು!" ಎಂದೆ. ಕೊನೆಗೆ ಅವನು, "ಆಯ್ತರಿ. ಬುಧವಾರ ಸಾಹೇಬರ ಮುಂದನೇ ಹೇಳ್ತೇನಿ," ಎಂದು ಹೊರಟುಹೋದ. ಏನು ಹೇಳುತ್ತಾನೆ ಎಂದು ಕೇಳುವ ತಾಳ್ಮೆಯೂ ನನಗಿರಲಿಲ್ಲ.

ಬುಧವಾರ ಭಾಲ್ಕಿಯ ಒಂದು ಶಾಲೆಯಲ್ಲಿ ಸಂದರ್ಶನ. ಬೀದರಿನಿಂದ ಶಿಕ್ಷಣ ಖಾತೆಯ ಅಬ್ದುಲ ಸಮದ ಸಾಹೇಬರು ಬಂದಿದ್ದರು. ಶಿಫಾರಸು ಮಾಡಿದವನೆಂದು ನನಗೂ ಪಕ್ಕದಲ್ಲಿ ಒಂದು ಕುರ್ಚಿ ಹಾಕಿಸಿದ್ದರು. ಗೋರಖನಾಥ ಒಳಗೆ ಬಂದ. ಸಾಹೇಬರು ಮೂರನೆಯ ಇಯತ್ತೆಯ ಪುಸ್ತಕವೊಂದನ್ನು ಮುಂದಿಟ್ಟು, "ಒಂದ್ ನಾಕು ಸಾಲು ಓದ್ರಿ," ಎಂದರು. ಮೂರನೆಯ ಇಯತ್ತೆಯದೇ ಎಂದು ನನಗೆ ಒಳಗೊಳಗೆ ಅವಮಾನವಾಯಿತು. ನನ್ನ ಗೆಳೆಯನಿಗೆ ಇದೇ!

ಗೋರಖನಾಥ ಪುಸ್ತಕ ಮುಟ್ಟಲಿಲ್ಲ. ಕೈಮುಗಿದ.

"ಸಾಹೇಬರ, ನನಗ ಕನ್ನಡ ಓದ್ಲಾಕ ಬರಲ್ಲರಿ. ನಾ ಉದಗೀರ ಕಡಿ ಸೋದರಮಾವನ ಮನ್ಯಾಗ ಬೆಳದಾಂವ. ಐದನೇತನಾ ಮರಾಠಿ ಸಾಲಿ. ನಾರಾಯಣರಾವ ಕೊಟ್ಟ ಪುಸ್ತಕ ಎಲ್ಲಾ ನನ್ನ ಹೆಂಡ್ತಿ ಓದ್ಯಾಳರಿ. ಆಕಿ ಸಂತಪುರದಾಕಿ, ಕನ್ನಡ ಸಾಲಿಯಾಗ ಏಳನೇದು ಪಾಸಾಗ್ಯಾಳ. ಹೊರಗ ನಿಂತಾಳ. ಈ ಕೆಲಸ ಆಕಿಗಿ ಕೊಡ್ರಿ."

ನನ್ನ ಮುಖಕ್ಕೆ ಯಾರೋ ನೀರು ಎರಚಿದ ಹಾಗಾಯಿತು. ನಮ್ಮ ಸೀಮೆಯಲ್ಲಿ ಹುಟ್ಟಿ ಬೆಳೆದ ನನಗೆ ಇದು ತಿಳಿಯಬೇಕಿತ್ತು. ಇಲ್ಲಿ ಮನೆಯಲ್ಲಿ ಮರಾಠಿ, ಸಂತೆಯಲ್ಲಿ ಕನ್ನಡ, ಕಚೇರಿಯಲ್ಲಿ ಉರ್ದು ಆಡುವವರು ಓಣಿಗೆ ಹತ್ತು ಜನ. ಯಾರು ಯಾವ ಸಾಲಿಗೆ ಹೋದರೋ ಅದೇ ಅಕ್ಷರ ಬರುತ್ತದೆ, ಉಳಿದವು ಬಾಯಲ್ಲಿ ಮಾತ್ರ. ಕನ್ನಡ ಮಾತಾಡುವವನಿಗೆ ಕನ್ನಡ ಓದಲು ಬರುತ್ತದೋ ಇಲ್ಲವೋ ಎಂದು ನಾನು ಮೂರು ವರ್ಷದಲ್ಲಿ ಒಂದು ಸಲವೂ ಕೇಳಿರಲಿಲ್ಲ. ಸಾಹೇಬರ ಎಡಕ್ಕೆ ಕೂತಿದ್ದ ಗುಮಾಸ್ತ ಕಿಸಕ್ಕನೆ ನಕ್ಕ. ನನ್ನ ಮೈಯೆಲ್ಲ ಉರಿದುಹೋಯಿತು.

ಸಮದ ಸಾಹೇಬರು ನಗಲಿಲ್ಲ. ಹೊರಗೆ ನಿಂತವಳನ್ನು ಕರೆಸಿದರು. ಕೇಶರಬಾಯಿಯನ್ನು ನಾನು ನೋಡಿದ್ದು ಆಗಲೇ. ಇಪ್ಪತ್ತೆಂಟರ ಆಸುಪಾಸು, ಬಿಸಿಲಿಗೆ ಕಂದಿದ ಮುಖ, ಕಲ್ಲಿನೇಟು ಬಿದ್ದ ಬೆರಳಿಗೆ ಚಿಂದಿ ಸುತ್ತಿಕೊಂಡಿದ್ದಳು. ಸೆರಗು ಸರಿಮಾಡಿಕೊಂಡು ನನ್ನ ಕಡೆ ನೋಡಿ ಸ್ವಲ್ಪ ನಕ್ಕಳು. ಬಹಳ ದಿನದ ಪರಿಚಯದವರನ್ನು ನೋಡಿ ನಗುವ ನಗೆ ಅದು.

ಸಾಹೇಬರು ನನ್ನನ್ನು ಕೇಳಿದರು: "ಅರ್ಜಿ ಗಂಡನ ಹೆಸರಲ್ಲಿ ಅದ. ಗೊತ್ತಿದ್ದವರು ಒಬ್ಬರು ಹೂಂ ಅಂದ್ರ ಈ ಬಾಯಿ ಹೆಸರಲ್ಲಿ ಬ್ಯಾರೆ ಅರ್ಜಿ ತಗೋತೀನಿ. ನಾರಾಯಣರಾವ, ಇವರು ಓದ್ತಾರಂತಲ್ಲ, ನಿಮಗ ಗೊತ್ತದೇನ್ರಿ?"

ಗೋರಖನಾಥ ನನ್ನನ್ನೇ ನೋಡುತ್ತಿದ್ದ. ಅವಳೂ ನೋಡುತ್ತಿದ್ದಳು. ಹೂಂ ಎನ್ನುವುದಕ್ಕೆ ಎಷ್ಟು ಹೊತ್ತು ಬೇಕು? ಆದರೆ ಆ ಗುಮಾಸ್ತನ ನಗೆ ನನ್ನ ಕಿವಿಯಲ್ಲಿತ್ತು. ಇವರಿಬ್ಬರೂ ಸೇರಿ ಮೂರು ವರ್ಷ ನನ್ನನ್ನು ಮಂಗ ಮಾಡಿದರು ಎಂಬ ಸಿಟ್ಟು ಗಂಟಲ ತನಕ ಬಂದಿತ್ತು.

"ನನಗ ಗೊತ್ತಿಲ್ಲರಿ ಸಾಹೇಬ," ಎಂದೆ. "ಈ ಬಾಯಿನ್ನ ನಾ ಇವತ್ತೇ ನೋಡ್ಲತ್ತೀನಿ."

ಕೇಶರಬಾಯಿಯ ಮುಖದ ನಗೆ ಅಲ್ಲೇ ಆರಿತು. ಗಂಡನ ತೋಳು ಮುಟ್ಟಿ, "ನಡೀರಿ," ಎಂದಳು.

ಮನೆಗೆ ಬಂದು ತಟ್ಟೆಯ ಮುಂದೆ ಕೂತೆ. ನಡೆದದ್ದನ್ನೆಲ್ಲ ವತ್ಸಲಾಳಿಗೆ ಹೇಳಿದೆ. ನನ್ನ ಪರವಾಗಿ ಎರಡು ಮಾತು ಆಡುತ್ತಾಳೆ ಎಂದುಕೊಂಡಿದ್ದೆ.

"ಅವರೇನು ಸುಳ್ಳು ಹೇಳ್ಯಾರರಿ?" ಎಂದಳು. "ನೀವು ಪುಸ್ತಕ ಕೊಟ್ರಿ, ಅವರ ಮನ್ಯಾಗ ಓದಿದ್ರು. ನೀವು ಮಾತು ಕೇಳಿದ್ರಿ, ತಂದು ಹೇಳಿದ್ರು. ಸುಳ್ಳು ಹೇಳಿದವರು ನೀವು. ನಾಕು ಮಂದಿ ಮುಂದ."

ನಾನು ಎದ್ದು ವಾಚನಾಲಯಕ್ಕೆ ಹೋದೆ. ಬೀಗ ತೆಗೆದು ವಹಿ ಬಿಚ್ಚಿದೆ. ಗೋರಖನಾಥನ ಹೆಸರಿನ ಕೆಳಗೆ ಬರೆದದ್ದನ್ನು ಮೊದಲಿನಿಂದ ಓದಿದೆ. ಅವಳು ಉಣ್ಣಲಿಲ್ಲ. ನೀರಿನ ಹಾದಿ. ಬಾಣಂತಿಯ ಅಧ್ಯಾಯ ಬರೆದವನಿಗೆ ಬಾಣಂತನ ಅಂದರೆ ಏನೂ ಗೊತ್ತಿಲ್ಲ. ಸೊಸೆಯ ಸಿಟ್ಟು ನಾಲ್ಕು ಸಾಲಿಗೆ ಯಾಕೆ ಮುಗಿಯಿತು. ಥೂ ನನ್ನ! ಪ್ರತಿಯೊಂದು ಮಾತೂ ಹೆಣ್ಣಿನ ಕಣ್ಣಿಂದ ಬಂದದ್ದೆಂದು ಕುರುಡನಿಗೂ ಕಾಣುತ್ತಿತ್ತು. ಮೂರು ವರ್ಷ ನಾನು ಪುಸ್ತಕ ಆರಿಸಿ ಕೊಟ್ಟದ್ದು ಕೇಶರಬಾಯಿಗೆ. ನನ್ನ ಜೊತೆ ಪುಸ್ತಕದ ಮಾತಾಡಿದವಳೂ ಅವಳೇ. ಅವಳನ್ನೇ ಗೊತ್ತಿಲ್ಲ ಎಂದುಬಿಟ್ಟಿದ್ದೆ. ನಾಚಿಕೆಯಿಂದ ಕಣ್ಣಲ್ಲಿ ನೀರು ಬಂತು.

ಸಮದ ಸಾಹೇಬರು ಗುರುವಾರ ಔರಾದದಲ್ಲಿರುತ್ತಾರೆ ಎಂದು ತಿಳಿದಿತ್ತು. ಬೆಳಗಿನ ಮೊದಲ ಬಸ್ಸು ಹಿಡಿದು ಬೀದರಿಗೆ ಬಂದು, ಅಲ್ಲಿಂದ ಔರಾದದ ಬಸ್ಸು ಹತ್ತಿದೆ. ಕೂತಲ್ಲಿ ಕೂಡಲಾಗದೆ ಡ್ರೈವರನ ಹಿಂದೆ ನಿಂತೇ ಬಂದೆ. ಸಂತಪುರದಲ್ಲಿ ಬಸ್ಸಿನ ಚಕ್ರ ಪಂಕ್ಚರಾಯಿತು. ಎರಡು ತಾಸು! ರಸ್ತೆಯ ಎರಡೂ ಬದಿಗೆ ಬೋಳು ಹೊಲ, ಗಿಡದಲ್ಲಿ ಒಂದು ಹಸಿರೆಲೆಯಿಲ್ಲ. ನಾನು ಬಸ್ಸನ್ನು ಹತ್ತು ಸಲ ಸುತ್ತಿದೆ. "ನಿಮ್ಮ ಸುತ್ತಾಟಕ್ಕ ಚಕ್ರ ಜಲ್ದಿ ತುಂಬಲ್ಲರಿ," ಎಂದ ಕಂಡಕ್ಟರ್. ಜನ ನಕ್ಕರು. ಅವನ ಜೊತೆಯೂ ಒಂದು ಜಗಳ ಆಡಿದೆ.

ಔರಾದ ಮುಟ್ಟಿದಾಗ ಸಾಹೇಬರು ಜೀಪು ಹತ್ತುತ್ತಿದ್ದರು. ನಾನು ಓಡಿಹೋಗಿ ಜೀಪಿನ ಬಾಗಿಲು ಹಿಡಿದುಕೊಂಡೆ.

"ಸಾಹೇಬರ, ನಿನ್ನೆ ನಾ ತಪ್ಪು ಹೇಳ್ದೆ. ಆ ಬಾಯಿ ಓದ್ತಾಳ. ಆಕಿ ಓದೋದು ನನಗ ಮೂರು ವರ್ಷದಿಂದ ಗೊತ್ತದ."

ವಹಿಯನ್ನು ಅವರ ಕೈಗೆ ಕೊಟ್ಟೆ. ಅವರು ಜೀಪಿನಲ್ಲೇ ಕೂತು ನಾಲ್ಕು ಹಾಳೆ ಓದಿದರು. ಹಾಳೆ ತಿರುವಿ ಮತ್ತೊಮ್ಮೆ ಓದಿದರು.

"ನಾನೂ ಉರ್ದು ಸಾಲಿಯಾಗ ಕಲ್ತಾಂವ, ನಾರಾಯಣರಾವ. ನೌಕರಿಗಿ ಸೇರಿದ ಮ್ಯಾಲ ಕನ್ನಡ ಅಕ್ಷರ ತಿದ್ದೀನಿ. ಆ ಗೋರಖನಾಥನ ಮಾರಿ ನೋಡಿ ನನಗ ತಿಳೀತು. ನಿಮಗ ಯಾಕ ತಿಳೀಲಿಲ್ಲ?" ಎಂದರು. ವಹಿಯನ್ನು ಮುಚ್ಚಿ ನನ್ನ ಕೈಗಿಟ್ಟರು. "ನಾಳಿ ಸಂಜಿ ಪಟ್ಟಿ ಹೋಗ್ತದ. ಅದರೊಳಗ ಬೀದರ್ ಆಫೀಸಿಗಿ ಕರ್ಕೊಂಡು ಬರ್ರಿ. ನಾಡದು ಅಂದ್ರ ನನ್ನ ಕೈಯಾಗ ಏನೂ ಇಲ್ಲ."

ಮರುದಿನವೇ ಶುಕ್ರವಾರ. ಮುಂಜಾನೆ ಸೈಕಲ್ ತುಳಿದುಕೊಂಡು ಅವರ ಹಳ್ಳಿಗೆ ಹೋದೆ. ಅವರ ಕೇರಿಗೆ ಕಾಲಿಟ್ಟದ್ದು ಅದೇ ಮೊದಲು. ಮನೆಗೆ ಬೀಗ ಹಾಕಿತ್ತು. ಪಕ್ಕದ ಮನೆಯ ಮುದುಕಿ ಶಾಲುಬಾಯಿ ಹೊಸಿಲಲ್ಲಿ ಕೂತಿದ್ದಳು.

"ನಸುಕಿನಾಗೇ ಹೊಲದ ಹಾದಿ ಹಿಡದು ಹೋದ್ರಪ್ಪಾ, ಟೇಸನ್ನಿಗಿ. ನೀ ಯಾರು?"

"ಭಾಲ್ಕಿ ವಾಚನಾಲಯದ ನಾರಾಯಣ."

"ಅಯ್ಯ, ಪುಸ್ತಕ ಕೊಡಾಂವ ನೀನೇ ಏನು!" ಎಂದು ಮುದುಕಿ ಎದ್ದೇ ನಿಂತಳು. "ಕಲ್ಲು ಒಡಿಯೋ ಜಾಗದಾಗ ಊಟದ ಹೊತ್ತಿಗಿ ಕೇಶರ ಓದ್ತಿದ್ಳು, ನಾವೆಲ್ಲಾ ಕೇಳ್ತಿದ್ದೆವು. ಆ ಬರಗಾಲದ ಕತಿ ಎರಡು ಸಲ ಓದಿಸಿದೆವು ನೋಡು. ಗೋರಖ್ಯಾ ಅಂತೂ ಆಕಿ ಮಾರಿನೇ ನೋಡ್ಕೋತ ಕೂಡ್ತಿದ್ದ. ನಿನ್ನ ಮುಂದ ಹೇಳೋ ಮಾತು ತಪ್ಪಬಾರದು ಅಂತ ಹಾದಿ ತುಂಬ ಬಾಯಿಪಾಠ ಮಾಡ್ತಿದ್ದ."

ಇಡೀ ಕಾಮಗಾರಿಗೆ ಗೊತ್ತಿತ್ತು. ಗೊತ್ತಿಲ್ಲದವನು ನಾನೊಬ್ಬನೇ. ಸೈಕಲ್ ತಿರುಗಿಸಿ ತುಳಿದೆ. ಚೈನು ಎರಡು ಸಲ ಕಳಚಿತು. ಕೈಯೆಲ್ಲ ಎಣ್ಣೆ, ಬಾಯೆಲ್ಲ ಧೂಳು. ಸ್ಟೇಷನ್ನಿಗೆ ಬಂದಾಗ ಗಾಡಿಯ ಸಿಗ್ನಲ್ ಬಿದ್ದಿತ್ತು. ಪ್ಲಾಟ್‌ಫಾರ್ಮಿನ ತುಂಬ ಜನ. ಕೌದಿಯ ಗಂಟುಗಳು, ರೊಟ್ಟಿಯ ಬುತ್ತಿ, ಬೀಸುವ ಕಲ್ಲನ್ನೂ ಹೊತ್ತು ತಂದವರಿದ್ದರು. "ಗೋರಖಾ! ಗೋರಖನಾಥಾ!" ಎಂದು ಕೂಗುತ್ತ ಜನರ ನಡುವೆ ನುಗ್ಗಿದೆ.

ಅವರು ನೀರಿನ ನಲ್ಲಿಯ ಹತ್ತಿರ ಕೂತಿದ್ದರು. ಗೋರಖನಾಥ ನನ್ನನ್ನು ನೋಡಿ ಮುಖ ತಿರುಗಿಸಿದ. ನಾನು ಏದುಸಿರು ಬಿಡುತ್ತಲೇ ಕೇಶರಬಾಯಿಗೆ ಸಾಹೇಬರ ಮಾತನ್ನು ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡಳು.

"ಮೊನ್ನಿ ನಾ ನಿಮಗ ಗೊತ್ತಿರಲಿಲ್ಲ," ಎಂದಳು. "ಎರಡು ದಿನದಾಗ ಹ್ಯಾಂಗ ಗೊತ್ತಾತರಿ?"

"ತಪ್ಪಾತವ್ವಾ," ಎಂದೆ. "ನನ್ನ ಮರ್ಯಾದಿ ಹೋತು ಅನ್ನೋ ಸಿಟ್ಟಿನಾಗ ಹಂಗ ಅಂದೆ. ದೊಡ್ಡ ತಪ್ಪಾತು."

ಅಷ್ಟರಲ್ಲಿ ಗಾಡಿ ಬಂತು. ಜನ ಕಿಟಕಿಗಳಲ್ಲೇ ಗಂಟು ತುರುಕತೊಡಗಿದರು. ಗೋರಖನಾಥ ಒಂದು ಗಂಟು ತಲೆಗೇರಿಸಿ ಹೆಂಡತಿಯನ್ನೇ ನೋಡುತ್ತ ನಿಂತ. ಕೇಶರಬಾಯಿ ಗಾಡಿಯನ್ನು ನೋಡಿದಳು, ಮಕ್ಕಳನ್ನು ನೋಡಿದಳು. ಆಗ ಗೋರಖನಾಥನ ತಾಯಿ ಶೇವಂತಾಬಾಯಿ ಬಾಯಿ ಬಿಟ್ಟಳು: "ಗಂಟು ಇಳಸೋ. ಗಾಡಿ ನಾಳಿನೂ ಬರ್ತದ. ಇಬ್ಬರೂ ಹೋಗ್ರಿ. ನಾ ಮಕ್ಕಳ್ನ ಹಿಡ್ಕೊಂಡು ಇಲ್ಲೇ ಕೂಡ್ತೇನಿ. ಕೆಲಸ ಆಗಲಿಲ್ಲಂದ್ರ ಮುಂಜಾನಿ ಗಾಡಿ ಹತ್ತೋಣು."

ಗಾಡಿ ಹೋಯಿತು. ನಾವು ಮೂವರೂ ಬೀದರಿನ ಬಸ್ಸು ಹಿಡಿದೆವು. ದಾರಿಯುದ್ದಕ್ಕೂ ನಾನು ಏನಾದರೂ ಪುಸ್ತಕದ ವಿಷಯ ತೆಗೆಯಲೇ ಎಂದು ನಾಲ್ಕು ಸಲ ಬಾಯಿಗೆ ತಂದುಕೊಂಡು ನುಂಗಿದೆ. ಅವಳು ಬೆರಳಿನ ಚಿಂದಿ ಬಿಚ್ಚುವುದು, ಮತ್ತೆ ಸುತ್ತುವುದು ಮಾಡುತ್ತಿದ್ದಳು.

ಆಫೀಸಿನಲ್ಲಿ ಸಮದ ಸಾಹೇಬರು ಈ ಸಲ ಇಯತ್ತೆಯ ಪುಸ್ತಕ ತೆಗೆಯಲಿಲ್ಲ. ಮೇಜಿನ ಮೇಲಿದ್ದ ಒಂದು ದಪ್ಪ ಪುಸ್ತಕ ಕೊಟ್ಟು ನಡುವಿನ ಹಾಳೆ ತೆಗೆದರು. ಕೇಶರಬಾಯಿ ನಿಂತೇ ಓದಿದಳು. ಮೊದಲ ಎರಡು ಸಾಲು ಸಣ್ಣ ದನಿಯಲ್ಲಿ, ಆಮೇಲೆ ಗಟ್ಟಿಯಾಗಿ. ಎಲ್ಲಿ ತಡೆಯಬೇಕೋ ಅಲ್ಲಿ ತಡೆದು, ಎಲ್ಲಿ ಏರಬೇಕೋ ಅಲ್ಲಿ ಏರಿ ಓದಿದಳು. ಒಳಗಿನ ಕೋಣೆಯಲ್ಲಿ ಟೈಪು ಮಾಡುವ ಸದ್ದು ನಿಂತುಹೋಯಿತು. ಗೋರಖನಾಥ ಕಣ್ಣು ಮುಚ್ಚಿ ಕೇಳುತ್ತಿದ್ದ. ಮೂರು ವರ್ಷ ನನಗೆ ಬರಿಯ ಮಾತು ಸಿಕ್ಕಿತ್ತು, ಈ ದನಿ ಅವನಿಗೆ ಸಿಕ್ಕಿತ್ತು. ನನಗೆ ಹೊಟ್ಟೆಕಿಚ್ಚಾಯಿತು, ಸುಳ್ಳು ಯಾಕೆ ಹೇಳಲಿ.

"ಬಸ್ ರಿ," ಎಂದರು ಸಾಹೇಬರು. ಅವಳ ಹೆಸರಿನಲ್ಲಿ ಹೊಸ ಅರ್ಜಿ ತುಂಬಿಸಿದರು. ಅವಳು ಸಹಿ ಹಾಕಿದಳು. ಅವರು ಕೆಳಗಿನ ಖಾಲಿ ಜಾಗಕ್ಕೆ ಬೆರಳಿಟ್ಟು, "ಇಲ್ಲಿ ಗೊತ್ತಿದ್ದವರು ಒಬ್ಬರು ಸಹಿ ಹಾಕಬೇಕು," ಎಂದರು.

ನಾನು ಕಿಸೆಯಿಂದ ಪೆನ್ನು ತೆಗೆದು ಅದರ ಟೊಪ್ಪಿಗೆ ಬಿಚ್ಚಿ ಮುಂದೆ ಬಂದೆ. ಅದಕ್ಕಾಗಿಯೇ ಅಲ್ಲವೇ ಎರಡು ದಿನ ನಾಯಿಯ ಹಾಗೆ ಅಲೆದದ್ದು.

ಕೇಶರಬಾಯಿ ಅರ್ಜಿಯ ಮೇಲೆ ಅಂಗೈ ಇಟ್ಟಳು.

"ಇವರು ಬ್ಯಾಡರಿ, ಸಾಹೇಬರ. ನಾ ಓದೋದು ಇವರು ಇವತ್ತೇ ಕೇಳ್ಯಾರ. ಮೊದಲಿಂದ ಕೇಳಿದವರು ಇಲ್ಲೇ ನಿಂತಾರ, ಅವರ ಕೈಲೆ ಹಾಕಿಸ್ರಿ."

ಅವಳ ದನಿಯಲ್ಲಿ ಸಿಟ್ಟೇನೂ ಇರಲಿಲ್ಲ. ಸಾಹೇಬರು ನನ್ನ ಕಡೆ ಒಮ್ಮೆ ನೋಡಿ, ಅರ್ಜಿಯನ್ನು ಗೋರಖನಾಥನ ಕಡೆ ಸರಿಸಿದರು. ಅವನು ಹಿಂಜರಿದ. ಕೇಶರಬಾಯಿ ಬಗ್ಗಿ, ಬೆರಳಿಟ್ಟು, ಆ ಸಾಲನ್ನು ಅವನಿಗೆ ನಿಧಾನವಾಗಿ ಓದಿ ಹೇಳಿದಳು: "ಮೇಲೆ ಕಾಣಿಸಿದವರ ಓದು ಬರಹವನ್ನು ನಾನು ಸ್ವತಃ ಬಲ್ಲೆನು."

ಗೋರಖನಾಥ ನನ್ನ ಕೈಯಿಂದ ಪೆನ್ನು ತೆಗೆದುಕೊಂಡು, ಆ ಕನ್ನಡ ಸಾಲಿನ ಕೆಳಗೆ ಮರಾಠಿ ಅಕ್ಷರಗಳಲ್ಲಿ ತನ್ನ ಹೆಸರು ಬರೆದ.